ಆ ಪಟ್ಟಿಯಲ್ಲಿ ಯಾರ ಹೆಸರು ಇರುತ್ತೆ, ಯಾರದ್ದು ಇರಲ್ಲ



ಎರಡು ವಾರದಿಂದ ನಮ್ಮ ಗುಂಪುಗಳಲ್ಲೇ ಒಂದು ಫಾರ್ವರ್ಡ್ ಸುತ್ತುತ್ತಿದೆ. "ಅಮೆರಿಕದಲ್ಲಿ ಪಿನ್ ಕೋಡ್ ಹಾಕಿದ್ರೆ ಸಾಕು, ಏರಿಯಾದ ಅತ್ಯಾಚಾರಿಗಳ ಫೋಟೊ ಬರುತ್ತೆ. ನಮ್ಮ ಸರ್ಕಾರ ಯಾಕೆ ಮುಚ್ಚಿಟ್ಟಿದೆ? ಪಟ್ಟಿ ಬಹಿರಂಗಪಡಿಸಿ!" ಹಂಚಿಕೊಂಡವರಲ್ಲಿ ನಾನು ಗೌರವಿಸುವ ಅಣ್ಣಂದಿರಿದ್ದಾರೆ, ಜೊತೆಗೆ ಧರಣಿ ಕೂತ ಅಕ್ಕಂದಿರಿದ್ದಾರೆ. ಅವರ ಸಿಟ್ಟು ನನ್ನದೂ ಹೌದು. ಈ ಬೇಡಿಕೆ ಮಾತ್ರ ನನ್ನದಲ್ಲ. ಯಾಕೆ ಅಂತ ಉದ್ದಕ್ಕೇ ಬರೀತೀನಿ. ಬೈಯೋರು ಪೂರ್ತಿ ಓದಿ ಆಮೇಲೆ ಬೈರಿ.

ಮೊದಲು ಅಮೆರಿಕದ್ದು ಏನು ಅಂತ ನೋಡೋಣ. 1994ರಲ್ಲಿ ನ್ಯೂಜೆರ್ಸಿಯಲ್ಲಿ ಮೇಗನ್ ಕಾಂಕ ಎಂಬ ಏಳು ವರ್ಷದ ಮಗುವನ್ನು ಎದುರು ಮನೆಯವನೇ ಕೆಡಿಸಿ ಕೊಂದ. ಮಕ್ಕಳ ಮೇಲಿನ ಅಪರಾಧಕ್ಕೆ ಅವನಿಗೆ ಹಿಂದೆ ಶಿಕ್ಷೆಯಾಗಿದ್ದು ಬೀದಿಯವರಿಗೆ ಗೊತ್ತೇ ಇರಲಿಲ್ಲ. ಆ ತಾಯಿ ತಂದೆಯ ಹೋರಾಟದಿಂದ 1996ರಲ್ಲಿ ಇಡೀ ದೇಶಕ್ಕೆ ಮೇಗನ್ ಕಾನೂನು ಬಂತು. ಈಗ ಅಲ್ಲಿನ ನ್ಯಾಯ ಇಲಾಖೆ ನಡೆಸುವ ನ್ಯಾಷನಲ್ ಸೆಕ್ಸ್ ಅಫೆಂಡರ್ ಪಬ್ಲಿಕ್ ವೆಬ್‌ಸೈಟಿಗೆ ಹೋಗಿ, ಷರತ್ತು ಒಪ್ಪಿ, ಹೆಸರು ಅಥವಾ ವಿಳಾಸ ಹಾಕಿ ಯಾರು ಬೇಕಾದರೂ ಹುಡುಕಬಹುದು. ದುಡ್ಡಿಲ್ಲ. ಆ ಸೈಟಿಗೆ ಸ್ವಂತ ಪಟ್ಟಿ ಇಲ್ಲ, ಒಂದೊಂದು ರಾಜ್ಯದ ಪಟ್ಟಿಯಲ್ಲಿ ಹುಡುಕಿ ತಂದು ತೋರಿಸುತ್ತೆ. ಪೂರ್ತಿ ವಿವರ ಬೇಕಾದರೆ ಆ ರಾಜ್ಯದ ಪುಟಕ್ಕೇ ಹೋಗಬೇಕು. ಅಲ್ಲಿರುವ ಕನ್ನಡಿಗರು ಬಾಡಿಗೆ ಮನೆ ಹಿಡಿಯೋ ಮುಂಚೆ ನೋಡಬಹುದು, ನೋಡಲಿ. ಆದರೆ "ಎಲ್ಲ ಅತ್ಯಾಚಾರಿಗಳೂ ಬರ್ತಾರೆ" ಅನ್ನೋದು ಸುಳ್ಳು. ಶಿಕ್ಷೆ ಆದವರು ಮಾತ್ರ ಬರ್ತಾರೆ. ಅವರಲ್ಲೂ ಎಲ್ಲರೂ ಬರಲ್ಲ. ಮೇಗನ್‌ಳ ನ್ಯೂಜೆರ್ಸಿಯಲ್ಲೇ, ಕಡಿಮೆ ಅಪಾಯದವರು ಅಂತ ಮೊದಲ ದರ್ಜೆಗೆ ಸೇರಿಸಿದವರ ಹೆಸರು ವೆಬ್‌ಸೈಟಿನಲ್ಲಿ ಇರಲ್ಲ.

ಇದರಿಂದ ಅಪರಾಧ ಕಡಿಮೆಯಾಯ್ತಾ? ಅದೇ ನ್ಯೂಜೆರ್ಸಿಯ ಸಂಶೋಧಕರು ಸರ್ಕಾರದ ದುಡ್ಡಿನಲ್ಲೇ ಅಧ್ಯಯನ ಮಾಡಿ, ಮತ್ತೆ ಅಪರಾಧ ಮಾಡೋದರ ಮೇಲೆ ಈ ಕಾನೂನಿನ ಪರಿಣಾಮ ಕಾಣಿಸ್ತಿಲ್ಲ ಅಂತ 2008ರಲ್ಲಿ ವರದಿ ಕೊಟ್ಟರು. 2006ರಲ್ಲಿ ಮೇನ್ ರಾಜ್ಯದಲ್ಲಿ ಒಬ್ಬ ಹುಡುಗ ಪಟ್ಟಿಯಿಂದ ವಿಳಾಸ ತೆಗೆದುಕೊಂಡು ಇಬ್ಬರನ್ನು ಅವರ ಮನೆಗೇ ಹೋಗಿ ಗುಂಡು ಹಾಕಿ ಕೊಂದ. ಸತ್ತವರಲ್ಲಿ ಒಬ್ಬ ಪಟ್ಟಿಗೆ ಸೇರಿದ್ದು ಯಾವುದಕ್ಕೆ ಗೊತ್ತಾ? ಹತ್ತೊಂಬತ್ತರ ವಯಸ್ಸಿನಲ್ಲಿ, ಇನ್ನೂ ಹದಿನಾರು ತುಂಬದ ಗೆಳತಿಯ ಜೊತೆ ಇದ್ದದ್ದಕ್ಕೆ. ಇನ್ನು ಜನಸಂಖ್ಯೆಯಲ್ಲಿ ಕರಿಯರ ಪಾಲು ಎಷ್ಟಿದೆಯೋ ಪಟ್ಟಿಯಲ್ಲಿ ಅದಕ್ಕಿಂತ ಜಾಸ್ತಿ. ಇದು ನಮಗೆ ಆಶ್ಚರ್ಯ ಆಗಬಾರದು.

ಈಗ ನಮ್ಮ ದೇಶಕ್ಕೆ ಬನ್ನಿ. ಪಟ್ಟಿಯೇ ಇಲ್ಲ ಅಂದುಕೊಂಡವರಿಗೆ ಹೇಳ್ತೀನಿ, ಇದೆ. ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ ಅಂತ 2018ರ ಸೆಪ್ಟೆಂಬರ್ 20ರಂದು ಕೇಂದ್ರ ಗೃಹ ಸಚಿವಾಲಯ ಶುರು ಮಾಡಿತು. ಇಟ್ಟುಕೊಂಡಿರೋದು ಎನ್‌ಸಿಆರ್‌ಬಿ. ಶುರುವಿನಲ್ಲೇ 4.4 ಲಕ್ಷ ನಮೂದುಗಳಿದ್ದವು. ಅತ್ಯಾಚಾರ, ಸಾಮೂಹಿಕ ಅತ್ಯಾಚಾರ, ಪೋಕ್ಸೊ, ಚುಡಾಯಿಸುವಿಕೆ ಇವುಗಳಲ್ಲಿ ಶಿಕ್ಷೆಯಾದವರ ಹೆಸರು, ವಿಳಾಸ, ಫೋಟೊ, ಬೆರಳಚ್ಚು ಅದರಲ್ಲಿವೆ. ನೋಡೋ ಅಧಿಕಾರ ತನಿಖಾ ಸಂಸ್ಥೆಗಳಿಗೆ, ಪೊಲೀಸರಿಗೆ ಮಾತ್ರ. ನಾನು ನೀವು ಹುಡುಕೋಕೆ ಆಗಲ್ಲ.

ಇದನ್ನು ಬೀದಿಗೆ ತರಬೇಕು ಅನ್ನೋರಿಗೆ ನನ್ನದೊಂದು ಪ್ರಶ್ನೆ. ಆ ಪಟ್ಟಿಯಲ್ಲಿ ಖೈರ್ಲಾಂಜಿ ಇದೆಯಾ?

ನಾನು ಗುಮಾಸ್ತಿಕೆ ಮಾಡಿ ಹೊಟ್ಟೆ ಹೊರೆಯೋಳು. ರಿಜಿಸ್ಟರಿಗೆ ಒಂದು ಹೆಸರು ಏರಬೇಕಾದರೆ ಅದಕ್ಕೂ ಮುಂಚೆ ಎಷ್ಟು ಮೇಜು ದಾಟಬೇಕು ಅಂತ ಗೊತ್ತು. ಠಾಣೆಯಲ್ಲಿ ದೂರು ತಗೋಬೇಕು. ಊರ ಯಜಮಾನರ ರಾಜಿ ಪಂಚಾಯ್ತಿ ಮುರಿದು ಬೀಳಬೇಕು. ಕೌಂಟರ್ ಕೇಸಿಗೆ ಹೆದರದೆ ಕೇರಿಯವರು ನಿಲ್ಲಬೇಕು. ಗೌಡರ ಹೊಲದಲ್ಲೇ ಕೂಲಿ ಮಾಡೋ ಸಾಕ್ಷಿ ಉಲ್ಟಾ ಹೊಡೀಬಾರದು. ಅಷ್ಟಾದ ಮೇಲೆ ನ್ಯಾಯಾಧೀಶರು ನಂಬಬೇಕು. ತೀರ್ಪಿಗೆ ಬಂದ ಅತ್ಯಾಚಾರ ಕೇಸುಗಳಲ್ಲಿ ಶಿಕ್ಷೆ ಆಗೋದು ಕಾಲುಭಾಗಕ್ಕಿಂತ ಚೂರು ಹೆಚ್ಚು, ಅಷ್ಟೆ. ಉಳಿದವರ ಹೆಸರು ಯಾವ ಪಟ್ಟಿಗೂ ಹೋಗಲ್ಲ.

2006ರ ಖೈರ್ಲಾಂಜಿಯಲ್ಲಿ ಭೋತಮಾಂಗೆ ಕುಟುಂಬದ ನಾಲ್ವರ ಕೊಲೆಗೆ ಶಿಕ್ಷೆ ಆಯಿತು. ಜಾತಿ ದೌರ್ಜನ್ಯ ಸಾಬೀತಾಗಲಿಲ್ಲ, ಲೈಂಗಿಕ ದೌರ್ಜನ್ಯವೂ ಸಾಬೀತಾಗಲಿಲ್ಲ. ಹಾಥರಸ್ ತಗೊಳ್ಳಿ. 2023ರ ಮಾರ್ಚ್‌ನಲ್ಲಿ ಮೂವರು ಖುಲಾಸೆ, ಒಬ್ಬನಿಗೆ ಶಿಕ್ಷೆ, ಅದೂ ಅತ್ಯಾಚಾರಕ್ಕಲ್ಲ. ರಾಜಸ್ಥಾನದ ಭಂವರಿ ದೇವಿ ಕೇಸಿನಲ್ಲಂತೂ ಮೇಲ್ಜಾತಿಯ ಗಂಡಸರು ಕೆಳಜಾತಿಯ ಹೆಂಗಸನ್ನು ಮುಟ್ಟಲಾರರು ಎಂಬ ತರ್ಕ 1995ರ ತೀರ್ಪಿನಲ್ಲೇ ಬಂತು. ಅಂದರೆ ಕಾನೂನಿನ ಲೆಕ್ಕದಲ್ಲಿ ಈ ಮೂರು ಊರುಗಳಲ್ಲಿ ಲೈಂಗಿಕ ಅಪರಾಧಿಗಳೇ ಇಲ್ಲ. ನಾಳೆ ಪಟ್ಟಿ ಬಹಿರಂಗವಾದರೆ ಯಾವನೋ ದೊಡ್ಡ ಮನೆಯವನು ಫೋನ್ ಹಿಡಿದು ಬಂದು "ನೋಡಿ, ನನ್ನ ಹೆಸರು ಎಲ್ಲಿದೆ?" ಅಂತಾನೆ. ಪುಕ್ಕಟೆ ಸರ್ಟಿಫಿಕೇಟು. ಅದಕ್ಕೆ ನಾವೇ ಘೋಷಣೆ ಕೂಗಿ ಕೊಡಿಸಬೇಕಾ?

ಇನ್ನು ಹೆಸರು ಇರುವವರ ವಿಷಯ. ಜೈಲಿಗೆ ಹೋಗಬೇಕಾದ ಅತ್ಯಾಚಾರಿ ನಮ್ಮ ಕೇರಿಯವನಾದರೂ ಹೋಗಲೇಬೇಕು, ಅದರಲ್ಲಿ ನನಗೆ ದಾಕ್ಷಿಣ್ಯ ಇಲ್ಲ. ಆದರೆ ಪೋಕ್ಸೊ ಕೇಸುಗಳಲ್ಲಿ ಇನ್ನೊಂದು ಬಗೆ ಇದೆ, ನಿಮಗೆಲ್ಲ ಗೊತ್ತಿರೋದೇ. ನಮ್ಮ ಹುಡುಗ, ಅವರ ಹುಡುಗಿ. ಅವಳಿಗೆ ಹದಿನೇಳು. ಇಬ್ಬರೂ ಓಡಿಹೋದರು. ಅಪ್ಪ ಠಾಣೆಗೆ ಹೋದ, ಅಪಹರಣ ಮತ್ತು ಪೋಕ್ಸೊ ಬಿತ್ತು. ಹದಿನಾರು ದಾಟಿದ ಹುಡುಗಿಯರು ಪ್ರೀತಿಸಿ ಹೋದ ಇಂಥ ಕೇಸು ಜಾಸ್ತಿಯಾಗಿವೆ, ವಯಸ್ಸಿನ ಮಿತಿ ಮರುಚಿಂತನೆ ಮಾಡಿ ಅಂತ ನಮ್ಮ ಹೈಕೋರ್ಟಿನ ಧಾರವಾಡ ಪೀಠವೇ 2022ರಲ್ಲಿ ಕಾನೂನು ಆಯೋಗಕ್ಕೆ ಹೇಳಿತ್ತು. 2023ರಲ್ಲಿ ಆಯೋಗ ಹದಿನೆಂಟೇ ಇರಲಿ ಅಂದಿತು. ಆ ಹುಡುಗನ ಫೋಟೊ, ಕೇರಿಯ ವಿಳಾಸ ಸಮೇತ ಮೊಬೈಲಿನಲ್ಲಿ ಬಂದ ದಿನ ಏನಾಗುತ್ತೆ? 2018ರಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳ ಅನ್ನೋ ವಾಟ್ಸಾಪ್ ಗಾಳಿಮಾತಿಗೆ ಹೈದರಾಬಾದಿನ ಒಬ್ಬ ಇಂಜಿನಿಯರನ್ನು ಹೊಡೆದು ಕೊಂದರಲ್ಲ, ಆಗ ಸರ್ಕಾರಿ ಪಟ್ಟಿಯೂ ಇರಲಿಲ್ಲ.

ಪಟ್ಟಿ ಮಾಡಿಸಿಕೊಂಡ ಅನುಭವ ನಮ್ಮ ಜನಕ್ಕೆ ಹೊಸದಲ್ಲ. 1871ರಲ್ಲಿ ಬ್ರಿಟಿಷರು ಇಡೀ ಸಮುದಾಯಗಳನ್ನು ಹುಟ್ಟಾ ಅಪರಾಧಿಗಳು ಅಂತ ಬರೆದಿಟ್ಟರು. 1952ರಲ್ಲಿ ಅದು ಹೋಯಿತು, ಬದಲಿಗೆ ರೂಢಿಗತ ಅಪರಾಧಿಗಳ ಕಾನೂನು ಬಂತು, ನಮ್ಮಲ್ಲಿ 1961ರದ್ದು. ಹುಬ್ಬಳ್ಳಿಯಲ್ಲಿ ಸೆಟ್ಲ್‌ಮೆಂಟ್ ಅನ್ನೋ ಹೆಸರು ಇವತ್ತಿಗೂ ಜನರ ಬಾಯಲ್ಲಿದೆ.

ಬಹಿರಂಗ ಅಂದಾಗ ಬಯಲಾಗೋದು ಯಾರು ಅನ್ನೋದೂ ಮುಖ್ಯ. 2024ರ ಏಪ್ರಿಲ್‌ನಲ್ಲಿ ಹಾಸನದಲ್ಲಿ ಪೆನ್‌ಡ್ರೈವ್‌ಗಳು ಬೀದಿಬೀದಿಗೆ ಬಂದಾಗ ಊರು ನೋಡಿದ್ದು ಹೆಂಗಸರ ಮುಖ. ಪ್ರಜ್ವಲ್ ರೇವಣ್ಣನಿಗೆ 2025ರ ಆಗಸ್ಟ್‌ನಲ್ಲಿ ಜೀವಾವಧಿ ಆಗಿದ್ದು ಮನೆಗೆಲಸ ಮಾಡ್ತಿದ್ದ ಒಬ್ಬ ಹೆಣ್ಣುಮಗಳು ಗಟ್ಟಿಯಾಗಿ ನಿಂತದ್ದರಿಂದ, ಪೆನ್‌ಡ್ರೈವ್ ಹಂಚಿದವರಿಂದಲ್ಲ. ಎನ್‌ಸಿಆರ್‌ಬಿ ಪ್ರಕಾರವೇ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಅತ್ಯಾಚಾರ ಕೇಸುಗಳಲ್ಲಿ ಆರೋಪಿ ಹೆಣ್ಣಿಗೆ ಗೊತ್ತಿರುವವನೇ. ಅಪ್ಪ, ಮಾವ, ಪಕ್ಕದ ಮನೆಯವನು. ಅಪ್ಪನ ಹೆಸರು, ವಿಳಾಸ, ಪೋಕ್ಸೊ ಅಂತ ಹಾಕಿದ ಮೇಲೆ ಮಗಳು ಯಾರು ಅಂತ ಊರಿಗೆ ಬೇರೆ ಹೇಳಬೇಕಾ? ಸಂತ್ರಸ್ತೆಯ ಗುರುತು ಬಯಲು ಮಾಡಬಾರದು ಅನ್ನೋ ಕಾನೂನಿನ ಗತಿ ಏನು?

ಹಾಗಾದ್ರೆ ಸುಮ್ಮನಿರೋದಾ? ಇಲ್ಲ. ಇಂಗ್ಲೆಂಡಿನಲ್ಲಿ ಪಟ್ಟಿ ಮುಚ್ಚಿಯೇ ಇದೆ, ಆದರೆ ನನ್ನ ಮಗುವಿನ ಹತ್ತಿರ ಓಡಾಡೋ ಇಂಥವನ ಹಿನ್ನೆಲೆ ಏನು ಅಂತ ತಾಯಿ ಪೊಲೀಸರನ್ನು ಕೇಳಬಹುದು. ಅಂಥ ಹಕ್ಕು ನಮಗೂ ಬೇಕು ಅಂತ ಕೇಳೋಣ. ಅದು ಬರೋವರೆಗೆ, ಈಗಾಗಲೇ ಇರೋ ಒಂದು ಅಸ್ತ್ರವನ್ನು ನಾವು ಮುಟ್ಟೇ ಇಲ್ಲ. 2020ರ ಪೋಕ್ಸೊ ನಿಯಮಗಳ 3ನೇ ನಿಯಮ ಓದಿ. ಮಕ್ಕಳಿರುವ ಯಾವುದೇ ಸಂಸ್ಥೆ ತನ್ನ ಪ್ರತಿಯೊಬ್ಬ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ಕಾಲಕಾಲಕ್ಕೆ ಮಾಡಿಸಲೇಬೇಕು. ಖಾಯಂ ಇರಲಿ, ಗುತ್ತಿಗೆ ಇರಲಿ. ದೆಹಲಿಯ ಪಟ್ಟಿ ಪೊಲೀಸರ ಕೈಲಿರೋದು ಇಂಥದ್ದಕ್ಕೇ. ನಮ್ಮ ಹೆಣ್ಣುಮಕ್ಕಳು ಮಲಗೋದು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳಲ್ಲಿ, ಮೊರಾರ್ಜಿ ಶಾಲೆಗಳಲ್ಲಿ. ಅಲ್ಲಿ ಅಡುಗೆಯವರು, ಕಾವಲಿನವರು ಹೊರಗುತ್ತಿಗೆಯವರು. ಏಜೆನ್ಸಿ ಕಳಿಸಿದವನು ಬಂದು ಕೂರ್ತಾನೆ. ಅವನ ಹಿನ್ನೆಲೆ ಯಾರು ನೋಡಿದಾರೆ?

ಮಾಹಿತಿ ಹಕ್ಕಿನಲ್ಲಿ ಕೇಳಿ. ನಮೂನೆ ಎ, ಹತ್ತು ರೂಪಾಯಿ ಪೋಸ್ಟಲ್ ಆರ್ಡರ್. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, ಇಲ್ಲದಿದ್ದರೆ ನನ್ನಂಥ ಗುಮಾಸ್ತರು ಅದನ್ನೇ ಹಿಡಿದು ವಾಪಸ್ ಕಳಿಸ್ತಾರೆ. ತಾಲ್ಲೂಕಿನ ಹಾಸ್ಟೆಲುಗಳಲ್ಲಿ ಹೊರಗುತ್ತಿಗೆ ಸಿಬ್ಬಂದಿ ಎಷ್ಟು, ಅವರಲ್ಲಿ ಎಷ್ಟು ಜನರ ಪೊಲೀಸ್ ಪರಿಶೀಲನೆ ಆಗಿದೆ, ಕೊನೆಯದಾಗಿ ಮಾಡಿಸಿದ ದಿನಾಂಕ ಯಾವುದು. ಇಷ್ಟೇ ಕೇಳಿ. ಯಾರ ಹೆಸರೂ ಕೇಳಬೇಡಿ, ವೈಯಕ್ತಿಕ ಮಾಹಿತಿ ಅಂತ ತಳ್ಳಿಹಾಕ್ತಾರೆ. ಬಂದ ಉತ್ತರವನ್ನು ಡಿಸಿ ಅಧ್ಯಕ್ಷತೆಯ ಜಿಲ್ಲಾ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಸಭೆಯಲ್ಲಿ ಮೇಜಿನ ಮೇಲೆ ಇಡಿ. ಅದು ಮೂರು ತಿಂಗಳಿಗೊಮ್ಮೆ ಸೇರಲೇಬೇಕು. ಸೇರಿಲ್ಲ ಅಂದರೆ ಅದನ್ನೂ ಕೇಳಿ.

ನಮ್ಮ ತಾಲ್ಲೂಕಿನ ಅರ್ಜಿ ಸೋಮವಾರ ಹಾಕ್ತಿದೀನಿ. ನಮೂನೆ ಬೇಕಾದವರು ಇನ್‌ಬಾಕ್ಸಿಗೆ ತಾಲ್ಲೂಕಿನ ಹೆಸರು ಕಳಿಸಿ, ಟೈಪ್ ಮಾಡಿ ಕಳಿಸ್ತೀನಿ.