ನೀತಿಪಾಠಕ್ಕೆ ಉಳವಿಯ ಹಾದಿ

ಜೋಯಿಡಾ ತಾಲ್ಲೂಕಿನ ಉಳವಿಯು ಚೆನ್ನಬಸವಣ್ಣನವರ ಐಕ್ಯಸ್ಥಳ. 12ನೆಯ ಶತಮಾನದಲ್ಲಿ ಕಲ್ಯಾಣವನ್ನು ತೊರೆದ ಶರಣರೊಡನೆ ಕಾಯಕ-ದಾಸೋಹ ತತ್ತ್ವವೂ ಇಲ್ಲಿಗೆ ಬಂದಿತು. ಗಳಿಕೆಯ ದಾರಿ ಶುದ್ಧವಾಗಿರಬೇಕು, ಗಳಿಸಿದ್ದು ಹಂಚಿಕೆಯಾಗಬೇಕು ಎಂಬುದೇ ಅದರ ಸಾರ.

ವ್ಯವಹಾರ ನಿರ್ವಹಣೆಯ ವಿದ್ಯಾರ್ಥಿಗಳಿಗೆ ನೈತಿಕ ನಾಯಕತ್ವವನ್ನು ಬೋಧಿಸಲು 2009ರ ಸತ್ಯಂ ಹಗರಣವೊಂದೇ ಸಾಲದು. ಸಣ್ಣ ಉತ್ಪಾದಕನ ಬಿಲ್ಲನ್ನು ತಿಂಗಳುಗಟ್ಟಲೆ ತಡೆಹಿಡಿಯುವುದೂ ಅನೀತಿಯೇ. 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯ್ದೆಯಂತೆ ಅತಿಸಣ್ಣ ಹಾಗೂ ಸಣ್ಣ ಉದ್ದಿಮೆಗಳಿಗೆ ಗರಿಷ್ಠ 45 ದಿನಗಳೊಳಗೆ ಹಣ ಸಂದಾಯವಾಗಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೂ ಮುಂದಿನ ಆರ್ಡರು ಕೈತಪ್ಪೀತೆಂಬ ಭಯದಿಂದ ಅನೇಕರು ದೂರು ಕೊಡಲು ಹಿಂಜರಿಯುತ್ತಾರೆ. ಕಾನೂನಿನ ಕೈ ಮುಟ್ಟದಲ್ಲಿ ನಾಯಕನ ನೀತಿಯೇ ಆಸರೆ.

ವಿದ್ಯಾರ್ಥಿಗಳನ್ನು ಒಂದು ತಿಂಗಳು ಸಣ್ಣ ಕಾರ್ಖಾನೆಯ ಲೆಕ್ಕದ ಮೇಜಿನಲ್ಲಿ ಕೂರಿಸಬೇಕು. ಬಾರದ ಬಾಕಿಯ ಬಿಸಿ ತಟ್ಟಿದವರು ನಾಳೆ ಬೇರೆಯವರ ಬಾಕಿಯನ್ನು ಉಳಿಸಿಕೊಳ್ಳಲಾರರು.