ನೂರು ದಿನಾರಿಯ ಸಿಟ್ಟು

ತುಂಬ ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ರಿಲೀಸು, ನೈಟ್ ಕಾಲು ಅಂತ ನೆಪಗಳು ಇದ್ದೇ ಇವೆ. ನಿಜ ಹೇಳಬೇಕೆಂದರೆ ತಲೆಯಲ್ಲಿ ಒಂದೇ ವಿಷಯ ಕೊರೆಯುತ್ತಿತ್ತು, ಅದನ್ನು ಬರೆಯಲು ಮನಸ್ಸಾಗಿರಲಿಲ್ಲ.

ಹೋದ ವಾರ ಊರಿಂದ ಅವ್ವನ ಫೋನು. ಕಾಕಾನ ಮಗಳ ಲಗ್ನ ಗಟ್ಟಿಯಾಗಿದೆ, ನೀನು ಬರಬೇಕು ಅಂತ. "ನೋಡ್ತೀನವ್ವಾ, ರಜೆ ಸಿಗೋದು ಕಷ್ಟ ಐತಿ" ಅಂದೆ. ಅವ್ವ ಸುಮ್ಮನಾದಳು. ನನ್ನ ಹತ್ತಿರ ಹದಿನಾಲ್ಕು ದಿನ ರಜೆ ಬಾಕಿ ಇರುವುದು ಅವಳಿಗೆ ಗೊತ್ತಿಲ್ಲ. ಆದರೂ ಗೊತ್ತು.

ನಮ್ಮದು ಬೈಲಹೊಂಗಲದ ಹತ್ತಿರದ ಒಂದು ಹಳ್ಳಿ. ಎರೆಮಣ್ಣು, ಹತ್ತಿ, ಜೋಳ. ನಾವು ಕ್ರೈಸ್ತರು. ಬೆಳಗಾವಿಗೆ 1820ರಲ್ಲಿ ಲಂಡನ್ ಮಿಷನ್ನಿನವರು ಬಂದರು, 1904ರಲ್ಲಿ ಕೆಲಸವನ್ನು ಮೆಥೋಡಿಸ್ಟರಿಗೆ ಒಪ್ಪಿಸಿ ಹೋದರು. ಆ ಸಾಲಿನಲ್ಲಿ ಯಾವಾಗಲೋ ನಮ್ಮ ಮನೆತನವೂ ಸೇರಿಕೊಂಡಿತು. ಅಪ್ಪನ ಹೊಲ, ಕಾಕಾನ ಹೊಲ ಪಕ್ಕಪಕ್ಕ. ನಡುವೆ ಒಂದು ಬದು. ಆ ಬದುವನ್ನು ಕಾಕಾ ವರ್ಷಕ್ಕೊಂದು ಸಾಲಿನಂತೆ ನಮ್ಮ ಕಡೆ ಸರಿಸುತ್ತ ಬಂದ. ಅಪ್ಪ ಮಾತಾಡಲಿಲ್ಲ. ಕೊನೆಗೆ ಅಪ್ಪ ತೀರಿಕೊಂಡ ದಿನ, ಮಣ್ಣು ಮಾಡಿ ಮನೆಗೆ ಬಂದಾಗ, ಕಾಕಾ ನಾಲ್ಕು ಜನರೆದುರು ಒಂದು ಮಾತು ಅಂದ: "ಮಗನ್ನ ಓದ್ಸಿ ಏನ್ ಬಂತು, ಸಾಯೂ ಮುಂದ ನೀರ್ ಬಿಡಾಕೂ ಇರ್ಲಿಲ್ಲ." ನಾನು ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬರುವಷ್ಟರಲ್ಲಿ ಅಪ್ಪ ಹೋಗಿದ್ದರು. ಅದು ನಿಜ. ನಿಜವಾಗಿದ್ದಕ್ಕೇ ಅದು ಅಷ್ಟು ಆಳಕ್ಕೆ ಇಳಿಯಿತು ಅನಿಸುತ್ತದೆ. ಬದು ಸರಿಸಿದ್ದನ್ನು ಮರೆಯಬಹುದಿತ್ತು.

ನಾಲ್ಕು ವರ್ಷವಾಯಿತು. ಈ ಮಾತನ್ನು ನಾನು ಎಷ್ಟು ಸಲ ರೀಪ್ಲೇ ಮಾಡಿಕೊಂಡಿದ್ದೇನೆ ಅಂದರೆ, ಸರ್ವರಿನಲ್ಲಿ ಯಾರೂ ಅಳಿಸದೆ ಬಿಟ್ಟ ಲಾಗ್ ಫೈಲಿನ ಹಾಗೆ ಅದು ಡಿಸ್ಕನ್ನೇ ತಿಂದುಹಾಕಿದೆ. ಕಾಕಾನಿಗೆ ಕೊಡಬೇಕಾದ ಉತ್ತರದ ಹದಿನೈದು ವರ್ಷನ್ನುಗಳು ನನ್ನ ಬಳಿ ಇವೆ. ಒಂದೂ ರಿಲೀಸ್ ಆಗಿಲ್ಲ :-)

ಭಾನುವಾರ ಚರ್ಚಿನಲ್ಲಿ ಕೂತು "ನಮಗೆ ತಪ್ಪು ಮಾಡಿದವರನ್ನು ಕ್ಷಮಿಸಿದ ಹಾಗೆ ನಮ್ಮನ್ನೂ ಕ್ಷಮಿಸು" ಎಂಬ ಅರ್ಥದ ಪ್ರಾರ್ಥನೆಯನ್ನು ಎಲ್ಲರ ಜೊತೆ ಹೇಳುತ್ತೇನೆ. ಒಮ್ಮೆ ಅದರ ಲಾಜಿಕ್ ಹೊಳೆದು ಬೆಚ್ಚಿಬಿದ್ದೆ. ನಾನೇ ಕಂಡೀಷನ್ ಹಾಕಿ ಕೇಳುತ್ತಿದ್ದೇನೆ, ಆ ಕಂಡೀಷನ್ ಫಾಲ್ಸ್ ಇದೆ.

ಮತ್ತಾಯನ ಸುವಾರ್ತೆಯ ಹದಿನೆಂಟನೇ ಅಧ್ಯಾಯದಲ್ಲಿ ಒಂದು ಸಾಮ್ಯವಿದೆ. ಅರಸನಿಗೆ ಒಬ್ಬ ಆಳು ಹತ್ತು ಸಾವಿರ ತಲಾಂತು ಕೊಡಬೇಕು. ಅರಸ ಅಷ್ಟನ್ನೂ ಬಿಟ್ಟುಬಿಡುತ್ತಾನೆ. ಅದೇ ಆಳು ಹೊರಗೆ ಬಂದು, ತನಗೆ ನೂರು ದಿನಾರಿ ಕೊಡಬೇಕಾದ ಜೊತೆಯವನ ಕುತ್ತಿಗೆ ಹಿಡಿಯುತ್ತಾನೆ. ಸಣ್ಣವನಿದ್ದಾಗಿಂದ ಕೇಳಿದ ಕಥೆ. ಮೊನ್ನೆ ಸುಮ್ಮನೆ ಲೆಕ್ಕ ಹಾಕಿದೆ (ಇಂಜಿನಿಯರ್ ಚಟ). ಒಂದು ದಿನಾರಿ ಅಂದರೆ ಒಬ್ಬ ಕೂಲಿಯವನ ಒಂದು ದಿನದ ಕೂಲಿ. ಒಂದು ತಲಾಂತು ಸುಮಾರು ಆರು ಸಾವಿರ ದಿನಾರಿ. ಹಾಗಾದರೆ ಹತ್ತು ಸಾವಿರ ತಲಾಂತು ಅಂದರೆ ಆರು ಕೋಟಿ ದಿನದ ಕೂಲಿ. ಒಂದು ದಿನವೂ ಬಿಡದೆ ದುಡಿದರೆ ಸುಮಾರು 1,64,000 ವರ್ಷ!

ಪ್ರಸಂಗ ಮಾಡುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ, "ನೋಡಿ, ನಿಮ್ಮ ನೂರು ದಿನಾರಿ ಎಷ್ಟು ಚಿಲ್ಲರೆ" ಅನ್ನುತ್ತಾರೆ. ನನಗೆ ಹಿಡಿಸಿದ್ದು ಇನ್ನೊಂದು ತುದಿ. ನೂರು ದಿನಾರಿ ಚಿಲ್ಲರೆ ಅಲ್ಲ. ಮೂರು ತಿಂಗಳಿಗೂ ಹೆಚ್ಚಿನ ಕೂಲಿ ಅದು. ನಮ್ಮೂರಲ್ಲಿ ಕಳೆ ಕೀಳಲು ಹೋಗುವ ಹೆಣ್ಣುಮಗಳಿಗೆ ಯಾರಾದರೂ ನೂರು ದಿನದ ಪಗಾರ ಕೊಡದೆ ಹೋದರೆ ಅದನ್ನು ಸಣ್ಣದು ಅನ್ನುತ್ತೀರಾ? ಯೇಸು ಬೇಕಂತಲೇ ಆ ಮೊತ್ತ ಇಟ್ಟಿದ್ದಾನೆ ಅಂತ ನನ್ನ ಅನಿಸಿಕೆ. ನಿನಗೆ ನೋವಾಗಿದ್ದು ನಿಜ, ಸಾಲವೂ ನಿಜ, ಅದನ್ನು ಒಪ್ಪಿಕೊಂಡೇ ಬಿಡಬೇಕು. "ಅಯ್ಯೋ ಅದೇನ್ ದೊಡ್ಡದು ಬಿಡು" ಅನ್ನುವುದು ಕ್ಷಮೆಯಲ್ಲ, ಅದು ಬರೀ ಸೌಜನ್ಯ.

ಇದಕ್ಕೆ ನನಗೆ ತಿಳಿದ ದೊಡ್ಡ ಉದಾಹರಣೆ ಗ್ಲಾಡಿಸ್ ಸ್ಟೇನ್ಸ್. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಆಕೆಯ ಗಂಡ ಗ್ರಹಾಂ, ಹತ್ತು ವರ್ಷದ ಫಿಲಿಪ್, ಆರು ವರ್ಷದ ತಿಮೊಥಿ ಮೂವರನ್ನೂ ಜೀಪಿನಲ್ಲಿ ಮಲಗಿದ್ದಾಗ ಸುಟ್ಟುಹಾಕಿದರು. ಆಕೆ ಕೊಲೆಗಾರರನ್ನು ಕ್ಷಮಿಸಿದ್ದೇನೆ ಅಂದರು. ಅಷ್ಟೇ ಸ್ಪಷ್ಟವಾಗಿ, ಕ್ಷಮೆ ಬೇರೆ, ಅಪರಾಧಕ್ಕೆ ಕಾನೂನು ಕೊಡುವ ಶಿಕ್ಷೆ ಬೇರೆ ಎಂದೂ ಹೇಳಿದರು. ಕೋರ್ಟು ತನ್ನ ಕೆಲಸ ಮಾಡಿತು, 2011ರಲ್ಲಿ ಸುಪ್ರೀಂ ಕೋರ್ಟು ದಾರಾ ಸಿಂಗನ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಅವರು ಮಾತ್ರ ಬಾರಿಪದದಲ್ಲೇ ಉಳಿದು ಕುಷ್ಠರೋಗಿಗಳ ಸೇವೆ ಮುಂದುವರಿಸಿದರು, 2004ರಲ್ಲಿ ಆಸ್ಟ್ರೇಲಿಯಾಕ್ಕೆ ಮರಳಿದರು. ಮರು ವರ್ಷ ಪದ್ಮಶ್ರೀ ಬಂತು. ಅವರ ಮುಂದೆ ನನ್ನ ಬದುವಿನ ಜಗಳ ಇಟ್ಟರೆ ನನಗೇ ನಾಚಿಕೆ.

ಕ್ಷಮೆ ನಮ್ಮವರ ಸ್ವತ್ತೇನೂ ಅಲ್ಲ ಅಂತಲೂ ಹೇಳಿಬಿಡಬೇಕು. ನಮ್ಮೂರಿಂದ ಕಿತ್ತೂರು ದೂರವಿಲ್ಲ. 1824ರ ಅಕ್ಟೋಬರ್ 23ರಂದು ಅಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತ, ಅವನ ಸಹಾಯಕರಾದ ಸ್ಟೀವನ್‌ಸನ್ ಮತ್ತು ವಾಲ್ಟರ್ ಎಲಿಯಟ್ ಚೆನ್ನಮ್ಮನ ಸೆರೆ ಸಿಕ್ಕರು. ಖಜಾನೆಗೆ ಸೀಲು ಹಾಕಿ, ದತ್ತು ಒಪ್ಪದೆ, ಕೋಟೆ ಬಾಗಿಲಿಗೆ ತೋಪು ತಂದವರ ಕಡೆಯವರು ಇವರು. ರಾಣಿ ಅವರನ್ನು ಕೊಲ್ಲಲಿಲ್ಲ, ಬಿಟ್ಟು ಕಳಿಸಿದಳು. ಒತ್ತೆಯಾಳುಗಳೆಂದರೆ ರಾಜಕೀಯದ ಚೌಕಾಶಿಯೂ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಬೈಬಲ್ ಓದುತ್ತಿದ್ದ ಕಂಪನಿಯವರು ಆ ಉಪಕಾರಕ್ಕೆ ಕೊಟ್ಟ ಉತ್ತರ ಏನು? ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ತಂದು ಕಿತ್ತೂರು ಹಿಡಿದರು. ರಾಣಿಯನ್ನು ಬೈಲಹೊಂಗಲದ ಕೋಟೆಯಲ್ಲಿಟ್ಟರು. 1829ರ ಫೆಬ್ರವರಿಯಲ್ಲಿ ಆಕೆ ಅಲ್ಲೇ ತೀರಿಕೊಂಡಳು. ಸಮಾಧಿ ಊರ ನಡುವೆಯೇ ಇದೆ, ನಾನು ಕಾಲೇಜಿಗೆ ಬಸ್ಸು ಹಿಡಿಯುವಾಗ ದಿನಾ ಆ ದಾರಿಯಲ್ಲಿ ಓಡಾಡಿದವನು.

ಆ ಎಲಿಯಟ್ ಮುಂದೆ ಏನಾದ ಗೊತ್ತಾ? ಆಗ ಅವನಿಗೆ ಇಪ್ಪತ್ತೊಂದು ವರ್ಷ. ಬದುಕುಳಿದು, ಇದೇ ಸೀಮೆಯ ನೂರಾರು ಕನ್ನಡ ಶಾಸನಗಳ ಪ್ರತಿ ಮಾಡಿಸಿ, 595 ಶಾಸನಗಳನ್ನು ಆಧರಿಸಿ ಚಾಲುಕ್ಯರ ಇತಿಹಾಸದ ಬಗ್ಗೆ ಬರೆದ. ಕನ್ನಡ ಶಾಸನಗಳ ಅಧ್ಯಯನಕ್ಕೆ ಅದೊಂದು ದೊಡ್ಡ ಆರಂಭ. ಸಿಟ್ಟಿನಲ್ಲಿ ಒಂದು ಕತ್ತಿ ಬೀಸಿದ್ದರೆ ಅದೆಲ್ಲ ಅಲ್ಲಿಗೇ ಮುಗಿಯುತ್ತಿತ್ತು. ರಾಣಿಗೆ ಇದರಿಂದ ಏನೂ ದಕ್ಕಲಿಲ್ಲ ಅನ್ನುವುದು ಬೇರೆ ಮಾತು. ಅದೇ ನನ್ನನ್ನು ಕಾಡುವುದು ಕೂಡ.

ಯಾಕೆಂದರೆ ಈಗ ಎಲ್ಲೆಲ್ಲೂ ಕೇಳುವ ಉಪದೇಶ ಬೇರೆ: "ನಿನ್ನ ಮನಶ್ಶಾಂತಿಗಾಗಿ ಕ್ಷಮಿಸು, ನಿನ್ನ ಬಿಪಿಗೆ ಒಳ್ಳೇದು." ಪ್ರಯತ್ನ ಮಾಡಿ ನೋಡಿದ್ದೇನೆ, ನನಗದು ಕೆಲಸ ಮಾಡಲಿಲ್ಲ. ಅದರಲ್ಲಿ ಕಾಕಾ ಇಲ್ಲವೇ ಇಲ್ಲ, ಬರೀ ನಾನಿದ್ದೇನೆ. ನನ್ನ ನಂಬಿಕೆ ಕೇಳುವುದು ಅದಕ್ಕಿಂತ ಕಷ್ಟದ್ದು. ನಿನ್ನ ಲೆಕ್ಕ ಹರಿದುಹಾಕಲಾಗಿದೆ, ಈಗ ಆ ಮನುಷ್ಯನಿಗೆ ಒಳ್ಳೆಯದಾಗಲಿ ಅಂತ ಬಯಸು ಅನ್ನುತ್ತದೆ. ಬದುವಿನ ಸರ್ವೆ ಮಾಡಿಸಬೇಡ ಅಂತ ಅದು ಹೇಳುವುದಿಲ್ಲ. ಹೊಡೆಯುವ ಗಂಡನ ಮನೆಗೇ "ಕ್ಷಮಿಸಿ ಹೋಗಮ್ಮಾ" ಅಂತ ಹೆಣ್ಣುಮಕ್ಕಳನ್ನು ಕಳಿಸುವ ಹಿರಿಯರನ್ನು ನೋಡಿದ್ದೇನೆ, ಅವರಿಗೆ ಈ ಸುವಾರ್ತೆ ಅರ್ಥವಾಗಿಲ್ಲ ಅಂತಲೇ ನಾನು ಹೇಳುವುದು.

ಹೀಗೆಲ್ಲ ಅವ್ವನ ಹತ್ತಿರ ಭಾಷಣ ಬಿಟ್ಟೆ. ತಲಾಂತಿನ ಲೆಕ್ಕವನ್ನೂ ಹೇಳಿದೆ. ಎಲ್ಲ ಕೇಳಿ ಅವಳು, "ಅಷ್ಟೆಲ್ಲಾ ಲೆಕ್ಕ ಯಾಕಪಾ, ಆ ಹುಡುಗಿ ಅಣ್ಣಾ ಬರ್ತಾನಿಲ್ಲೋ ಅಂತ ದಿನಾ ಕೇಳ್ತಾಳ" ಅಂದಳು.

ನಿನ್ನೆ ಕಾಕಾನಿಗೆ ಫೋನ್ ಮಾಡಿದೆ. ಎರಡು ಸಲ ರಿಂಗಾಗಿ ಕಟ್ಟಾಯಿತು, ಮೂರನೇ ಸಲ ಎತ್ತಿದ. ಹದಿನೈದು ವರ್ಷನ್ನುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ಮಳಿ ಹೆಂಗೈತಿ ಕಾಕಾ" ಅಂದೆ. ಅವನು ಮಳೆ ಬಗ್ಗೆ ಹತ್ತು ನಿಮಿಷ ಹೇಳಿದ. ಅಪ್ಪನ ಹೆಸರು ಇಬ್ಬರೂ ಎತ್ತಲಿಲ್ಲ. ಇಡುವ ಮುಂಚೆ, "ಎರಡ್ ದಿನಾ ಮೊದಲ ಬಾ, ಹಂದರ ಹಾಕೂದೈತಿ" ಅಂದ.

ಗುರುವಾರ ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿಸಿದ್ದೇನೆ. ಸಿಟ್ಟು ಪೂರ್ತಿ ಹೋಗಿಲ್ಲ, ಸುಳ್ಳು ಹೇಳುವುದಿಲ್ಲ. ಬದು ನೋಡಿದರೆ ಮತ್ತೆ ಬರಬಹುದು.