ಹಳೆಯ ವಿಡಿಯೊ ಆಟಗಳು ಇಂದಿಗೂ ಸಲ್ಲುವುವೆ?

ನಲವತ್ತು ಐವತ್ತು ವರ್ಷಗಳ ಹಿಂದಿನ ವಿಡಿಯೊ ಆಟವೊಂದನ್ನು ಇಂದಿನ ವಿದ್ಯಾರ್ಥಿಗಳ ಮುಂದಿರಿಸಿದರೆ, ಅವರು ಮೊದಲು ನಗುವುದು ಅದರ ಚಿತ್ರವನ್ನು ಕಂಡು. ಮನುಷ್ಯನೆಂದರೆ ಹತ್ತಾರು ಚೌಕಗಳ ಗುಡ್ಡೆ. ಆಕಾಶವೆಂದರೆ ಬರಿಯ ಕಪ್ಪು ತೆರೆ. ಅಂಗೈಯಗಲದ ಫೋನಿನಲ್ಲಿ ಹುಲ್ಲಿನ ಎಸಳು ಗಾಳಿಗೆ ತೊನೆಯುವುದನ್ನು ನೋಡಿ ಬೆಳೆದವರಿಗೆ ಇದು ಅಣಕವೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಚಿತ್ರದ ಅಂದವೊಂದನ್ನೇ ಒರೆಗಲ್ಲಾಗಿ ಹಿಡಿದು, ಹಳೆಯ ಆಟಗಳ ಕಾಲ ಮುಗಿಯಿತೆಂದು ತೀರ್ಪು ಕೊಡುವುದನ್ನು ನಾವು ಒಪ್ಪಲಾರೆವು. ಆಟದ ಜೀವವಿರುವುದು ಅದರ ನಿಯಮಗಳಲ್ಲಿ. ಚದುರಂಗದ ಕಾಯಿ ಮರದ್ದೋ ದಂತದ್ದೋ ಎಂದು ವಿಚಾರಿಸಿ ಯಾರೂ ಆಟಕ್ಕೆ ಕೂಡುವುದಿಲ್ಲವಷ್ಟೆ.

೧೯೬೨ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ಸ್ಟೀವ್ ರಸೆಲ್ ಮತ್ತು ಆತನ ಗೆಳೆಯರು ಪಿಡಿಪಿ-೧ ಎಂಬ ಗಣಕಯಂತ್ರಕ್ಕಾಗಿ ‘ಸ್ಪೇಸ್‌ವಾರ್’ ಎಂಬ ಆಟವನ್ನು ರಚಿಸಿದರು. ತೆರೆಯ ನಡುವೆ ಒಂದು ನಕ್ಷತ್ರ. ಅದರ ಆಚೀಚೆ ಎರಡು ನೌಕೆಗಳು. ನಕ್ಷತ್ರವು ನೌಕೆಗಳನ್ನು ತನ್ನೆಡೆಗೆ ಸೆಳೆಯುತ್ತದೆ. ಎಂಜಿನನ್ನು ಆರಿಸಿದ ಮಾತ್ರಕ್ಕೆ ನೌಕೆ ನಿಲ್ಲದು. ಅದರ ಮೂತಿಯನ್ನು ಹಿಂದಕ್ಕೆ ತಿರುಗಿಸಿ ಎದುರು ನೂಕನ್ನು ಕೊಡಬೇಕು. ನಕ್ಷತ್ರದತ್ತ ಬೀಳುತ್ತಿರುವ ನೌಕೆಯನ್ನು ಪಕ್ಕಕ್ಕೆ ತಕ್ಕಷ್ಟು ನೂಕಿದರೆ, ಅದು ಬೀಳುತ್ತಲೇ ಸುತ್ತತೊಡಗುತ್ತದೆ. ಜಡತ್ವವನ್ನೂ ಕಕ್ಷೆಯನ್ನೂ ಕರಿಹಲಗೆಯ ಮೇಲೆ ವರ್ಷಗಟ್ಟಲೆ ಬೋಧಿಸಿರುವ ನಮಗೆ, ಅದೇ ಪಾಠ ಬೆರಳ ತುದಿಗೆ ಇಷ್ಟು ಸುಲಭವಾಗಿ ಇಳಿಯುವುದನ್ನು ಕಂಡರೆ ತುಸು ಅಸೂಯೆಯೇ ಆಗುತ್ತದೆ. (ಹಾರಿಬಿಟ್ಟ ಟಾರ್ಪೆಡೊಗಳಿಗೆ ಮಾತ್ರ ಗುರುತ್ವದ ಕಟ್ಟಿಲ್ಲ, ಅವಕ್ಕೂ ಲೆಕ್ಕ ಹಾಕುವಷ್ಟು ಬಿಡುವು ಆ ಯಂತ್ರಕ್ಕಿರಲಿಲ್ಲ. ಪರೀಕ್ಷೆಯಲ್ಲಿ ಹೀಗೆ ಬರೆದವರಿಗೆ ಅಂಕ ದೊರೆಯದು.)

ಯಂತ್ರದ ಬಡತನವೇ ಆಟದ ಸಿರಿಯಾದದ್ದೂ ಉಂಟು. ೧೯೭೮ರಲ್ಲಿ ಜಪಾನಿನ ಟೈಟೊ ಸಂಸ್ಥೆಯ ತೊಮೊಹಿರೊ ನಿಶಿಕಾಡೊ ರಚಿಸಿದ ‘ಸ್ಪೇಸ್ ಇನ್ವೇಡರ್ಸ್’ ಆಟದಲ್ಲಿ ೫೫ ಶತ್ರುಗಳು ಐದು ಸಾಲಾಗಿ ಇಳಿದು ಬರುತ್ತವೆ. ಯಂತ್ರವು ಒಂದು ಸಲಕ್ಕೆ ಒಂದನ್ನು ಮಾತ್ರ ಸರಿಸುತ್ತದೆ. ಆದುದರಿಂದ ದಂಡು ತುಂಬಿರುವಾಗ ತೆವಳುತ್ತದೆ, ಹೊಡೆದಷ್ಟೂ ಉಳಿದವು ಚುರುಕಾಗುತ್ತವೆ, ಕೊನೆಯದು ಓಡತೊಡಗುತ್ತದೆ. ನಿಶಿಕಾಡೊ ಇದನ್ನು ದೋಷವೆಂದು ತಿದ್ದದೆ ಹಾಗೆಯೇ ಉಳಿಸಿಕೊಂಡರು. ಗೆಲುವು ಸಮೀಪಿಸಿದಂತೆ ಕಷ್ಟವೂ ಏರುವ ಈ ಏರ್ಪಾಟು ಇಂದು ಆಡುವವರ ಎದೆಯನ್ನೂ ಡವಗುಟ್ಟಿಸುತ್ತದೆ.

‘ಟೆಟ್ರಿಸ್’ ಆಟದ ಕಥೆಯೂ ಇಂತಹುದೇ. ೧೯೮೪ರಲ್ಲಿ ಮಾಸ್ಕೋದ ಸೋವಿಯತ್ ವಿಜ್ಞಾನ ಅಕಾಡೆಮಿಯ ಗಣನಕೇಂದ್ರದಲ್ಲಿ ಅಲೆಕ್ಸಿ ಪಾಜಿಟ್ನೊವ್ ಇದನ್ನು ಬರೆದಾಗ, ಅವರ ಎಲೆಕ್ಟ್ರಾನಿಕಾ-೬೦ ಯಂತ್ರಕ್ಕೆ ಚಿತ್ರ ಬರೆಯುವ ಶಕ್ತಿಯೇ ಇರಲಿಲ್ಲ. ಆವರಣ ಚಿಹ್ನೆಗಳನ್ನು ಜೋಡಿಸಿ ತುಂಡುಗಳನ್ನು ಮೂಡಿಸಿದರು. ನಾಲ್ಕು ಚೌಕಗಳನ್ನು ಅಂಚಿಗೆ ಅಂಚು ಸೇರಿಸಿದಾಗ ದೊರೆಯುವ ಏಳು ಆಕಾರಗಳೇ ಅದರ ಸಮಸ್ತ ಬಂಡವಾಳ. ೧೯೮೯ರಲ್ಲಿ ನಿಂಟೆಂಡೊ ಸಂಸ್ಥೆ ಹೊರತಂದ ಆವೃತ್ತಿಯನ್ನು ೨೦೨೩ರ ಡಿಸೆಂಬರಿನಲ್ಲಿ ೧೩ ವರ್ಷದ ಅಮೆರಿಕನ್ ಬಾಲಕನೊಬ್ಬನು, ಆಟವೇ ಸ್ತಬ್ಧವಾಗುವವರೆಗೆ ಆಡಿದನು. ಮನುಷ್ಯರಲ್ಲಿ ಅಷ್ಟು ದೂರ ಹೋದವರಲ್ಲಿ ಆತನೇ ಮೊದಲಿಗ. ಆತನು ಹುಟ್ಟುವುದಕ್ಕೆ ಇಪ್ಪತ್ತು ವರ್ಷ ಮುನ್ನವೇ ಬಂದ ಆಟವದು!

ಹಳತೆಲ್ಲ ಹೊನ್ನೆಂದು ನಮ್ಮ ವಾದವಲ್ಲ. ನಾಣ್ಯ ಹಾಕಿ ಆಡುವ ಯಂತ್ರಗಳ ಕಾಲದ ಅನೇಕ ಆಟಗಳು, ಆಡುವವನು ಬೇಗ ಸೋತು ಮತ್ತೆ ಜೇಬಿಗೆ ಕೈ ಹಾಕಲೆಂದೇ ಹೆಣೆದವು. ೧೯೭೯ರ ಅಟಾರಿ ಸಂಸ್ಥೆಯ ‘ಲೂನಾರ್ ಲ್ಯಾಂಡರ್’ ಆಟದಲ್ಲಿ ಚಂದ್ರನ ಮೇಲೆ ನೌಕೆಯನ್ನು ಇಳಿಸುವ ಭೌತಶಾಸ್ತ್ರವೇನೋ ಸೊಗಸಾಗಿದೆ. ಆದರೆ ಇನ್ನೊಂದು ನಾಣ್ಯ ಹಾಕಿದರೆ ಇನ್ನಷ್ಟು ಇಂಧನ! ಶಕ್ತಿಸಂರಕ್ಷಣೆಯ ನಿಯಮಕ್ಕೆ ವ್ಯಾಪಾರಿ ಬರೆದ ಭಾಷ್ಯವಿದು. ಇಂತಹವು ಹಳತಾದರೆ ನಮಗೆ ವ್ಯಥೆಯಿಲ್ಲ. ಇಂದಿನ ಫೋನಿನ ಆಟಗಳಲ್ಲಿ ಈ ಚಾಳಿ ಹೊಸ ವೇಷದಲ್ಲಿ ಮುಂದುವರಿದಿರುವುದೇ ವ್ಯಥೆ.

ಇನ್ನು, ನಾವು ಪರೀಕ್ಷಿಸುವ ಬಗೆಯಾದರೂ ನ್ಯಾಯವಾದುದೆ? ೧೯೮೪ರ ನಿಂಟೆಂಡೊ ಆಟ ‘ಡಕ್ ಹಂಟ್’ಅನ್ನು ನೋಡಿರಿ. ತೆರೆಯ ಮೇಲೆ ಹಾರುವ ಬಾತುಕೋಳಿಗೆ ಆಟಿಕೆಯ ಬಂದೂಕಿನಿಂದ ಗುರಿಯಿಡಬೇಕು. ಬಂದೂಕಿನಿಂದ ಏನೂ ಹೊರಡುವುದಿಲ್ಲ. ಅದರೊಳಗಿರುವುದು ಬೆಳಕನ್ನು ಗುರುತಿಸುವ ಸಾಧನ. ಕುದುರೆಯನ್ನು ಎಳೆದೊಡನೆ ತೆರೆಯು ಕ್ಷಣಮಾತ್ರ ಕಪ್ಪಾಗಿ, ಬಾತು ಇದ್ದೆಡೆಯಲ್ಲಿ ಬಿಳಿಯ ಚೌಕವೊಂದು ಹೊಳೆಯುತ್ತದೆ. ಬಂದೂಕಿಗೆ ಆ ಹೊಳಪು ಕಂಡರೆ ಗುರಿ ತಗುಲಿದಂತೆ. ಹಳೆಯ ಟೆಲಿವಿಷನ್ನಿನ ಚಿತ್ರನಳಿಕೆಯಲ್ಲಿ ಸಂಕೇತ ಬಂದ ಕೂಡಲೇ ಎಲೆಕ್ಟ್ರಾನ್ ಕಿರಣವು ತೆರೆಯನ್ನು ಬೆಳಗುತ್ತಿತ್ತು. ಇಂದಿನ ಚಪ್ಪಟೆ ಟೆಲಿವಿಷನ್ ಚಿತ್ರವನ್ನು ಮೊದಲು ತನ್ನ ನೆನಪಿನಲ್ಲಿ ಸಂಗ್ರಹಿಸಿ, ಹದಗೊಳಿಸಿ, ಅನಂತರ ತೋರಿಸುತ್ತದೆ. ಅಷ್ಟರಲ್ಲಿ ಬಂದೂಕು ಕಾಯುವ ಗಳಿಗೆ ಕಳೆದಿರುತ್ತದೆ. ಎಷ್ಟು ಗುರಿಯಿಟ್ಟರೂ ಬಾತು ಬೀಳದು. ನೆಗೆದು ದಾಟುವ ಆಟಗಳಲ್ಲಿಯೂ ಸೆಕೆಂಡಿನ ಅರುವತ್ತನೆಯ ಒಂದು ಭಾಗದಂತಹ ಕೆಲವೇ ತುಣುಕುಗಳ ವಿಳಂಬ ಸೇರಿ ಕೈ ಜಡವೆನಿಸುತ್ತದೆ. ಹುಡುಗರು ಆಟವನ್ನು ಹಳಿಯುತ್ತಾರೆ. ಉಪಕರಣ ಸರಿಯಿಲ್ಲದಾಗ ಅಳತೆಯನ್ನು ನಂಬಬಾರದೆಂಬುದು ಪ್ರಯೋಗಶಾಲೆಯ ಮೊದಲ ಪಾಠವಲ್ಲವೆ?

ಇದಕ್ಕಿಂತಲೂ ಚಿಂತೆಯ ಸಂಗತಿಯೊಂದಿದೆ. ಅಮೆರಿಕದಲ್ಲಿ ೨೦೧೦ಕ್ಕೆ ಮುನ್ನ ಹೊರಬಂದ ಆಟಗಳಲ್ಲಿ ಶೇಕಡ ೮೭ರಷ್ಟು ಮಾರುಕಟ್ಟೆಯಲ್ಲಿ ದೊರೆಯುವುದಿಲ್ಲವೆಂದು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ ೨೦೨೩ರಲ್ಲಿ ಪ್ರಕಟಿಸಿದ ಅಧ್ಯಯನ ತಿಳಿಸಿತು. ಮಾರಾಟದಲ್ಲಿಲ್ಲದ ಇಂತಹ ಆಟಗಳನ್ನು ಸಂಶೋಧಕರು ದೂರದಿಂದಲೇ ಆಡಿ ನೋಡಲು ಗ್ರಂಥಾಲಯಗಳು ಅವಕಾಶ ಕಲ್ಪಿಸಬಹುದೆ ಎಂಬ ಪ್ರಶ್ನೆ ಬಂದಾಗ, ೨೦೨೪ರ ಅಕ್ಟೋಬರಿನಲ್ಲಿ ಅಲ್ಲಿನ ಕೃತಿಸ್ವಾಮ್ಯ ಕಚೇರಿ ಕೂಡದೆಂದಿತು. ಅಚ್ಚು ಮುಗಿದ ಪುಸ್ತಕವನ್ನು ಗ್ರಂಥಾಲಯದಿಂದ ಮನೆಗೆ ತಂದು ಓದಬಹುದು. ಮಾರಾಟ ನಿಂತ ಆಟವನ್ನು ನೋಡಬೇಕಾದರೆ ಅದಿರುವ ಕಟ್ಟಡಕ್ಕೇ ಪ್ರಯಾಣ ಮಾಡಬೇಕು. ಹಳೆಯ ಆಟಗಳು ಸಲ್ಲುವುವೋ ಇಲ್ಲವೋ ಎಂದು ಇಂದಿನ ತರುಣರು ತಾವೇ ಆಡಿ ನಿರ್ಧರಿಸಲೆಂಬುದು ನಮ್ಮ ಅಪೇಕ್ಷೆ. ಆದರೆ ಅವುಗಳಲ್ಲಿ ಬಹುಪಾಲು ಅವರ ಕೈಗೆ ಎಟುಕುವಂತೆಯೇ ಇಲ್ಲ.